ಮಧ್ಯಾಹ್ನ 1ರ ಬಿಸಿಲಾಗ ದಿನಾ ಒಂದು ಫೋಟೋ: ರಾಯಚೂರಾಗ ಏನ್ ತಗೀಬೇಕು?

ಗಂಜ್ ಲೆಕ್ಕದಾಕಿ, ರಾಯಚೂರು

ಎಲ್ಲಾರಿಗೂ ನಮಸ್ಕಾರ್ರಿ. ನಾ ರಾಜೇಂದ್ರ ಗಂಜ್‌ನ್ಯಾಗ, ಅಂದ್ರ ನಮ್ಮೂರ ದೊಡ್ಡ ಮಾರ್ಕೆಟ್ಟಿನ್ಯಾಗ, ಒಂದು ಅಡತ್ ಅಂಗಡ್ಯಾಗ ಲೆಕ್ಕ ಬರೀತೀನಿ. ಈ ಯುಗಾದಿಯಿಂದ ದಿನಕ್ಕೊಂದು ಫೋಟೋ ತಗಿಯೋದು ಅಂತ ಸುರು ಮಾಡೀನಿ, ಫೋನ್‌ನ್ಯಾಗನ, ಕ್ಯಾಮೆರಾ ಗಿಮೆರಾ ಏನಿಲ್ಲ. ಸ್ಟೇಟಸ್‌ಗೆ ಹಾಕ್ಲಿಕ್ಕಲ್ಲ, ನನಗಂತ. ವರ್ಷಗಟ್ಟಲೆ ಅದೇ ರೋಡು ಅದೇ ಅಂಗಡಿ ಅದೇ ಗೋಣಿಚೀಲ ನೋಡಿ ನೋಡಿ ಕಣ್ಣಿಗೆ ಏನೂ ಬೀಳದಂಗ ಆಗಿತ್ರಿ, ಅದಕ್ಕ ದಿನಾ ಏನರ ಒಂದು ಚಂದಂದು ಹುಡುಕಬೇಕು ಅಂತ ಮನಸ್ಸು ಮಾಡ್ದೆ. ಹಂಪಿ, ಆನೆಗುಂದಿ ಅಂತ ಹೋಗಿ ತಗಿಯೋದಲ್ಲ, ದಿನಾ ಓಡಾಡೋ ಜಾಗದಾಗನ ಸಿಗಬೇಕು, ಅದೇ ನನ್ನ ಆಸೆ.

ತೊಂದರೆ ಏನಂದ್ರ ನನಗ ಟೈಮ್ ಸಿಗೋದು ಮಧ್ಯಾಹ್ನ ಊಟದ ಹೊತ್ತಿನ್ಯಾಗ ಮಾತ್ರ, 1ರಿಂದ 2. ಮುಂಜಾನಿ ರೊಟ್ಟಿ, ಮಕ್ಕಳ ಡಬ್ಬಿ, ಓಡಿ ಬಂದು ಅಂಗಡಿ. ಸಂಜಿಗೆ ಹೊರಗ ಬರೋಷ್ಟ್ರಾಗ ಕತ್ತಲಾಗಿರ್ತದ. ಯೂಟ್ಯೂಬ್‌ನ್ಯಾಗ ಯಾರ ವಿಡಿಯೋ ನೋಡಿದ್ರೂ ಒಂದೇ ಮಾತು, ಮುಂಜಾನಿ ಸೂರ್ಯ ಹುಟ್ಟೋ ಟೈಮು ಇಲ್ಲಾ ಸಂಜಿ ಮುಳುಗೋ ಟೈಮಿನ್ಯಾಗ ತಗೀರಿ, ಮಧ್ಯಾಹ್ನ ಕ್ಯಾಮೆರಾ ಹೊರಗೇ ತಗೀಬ್ಯಾಡ್ರಿ ಅಂತಾರ. ಅವ್ರು ತೋರ್ಸೋ ಫೋಟೋದಾಗ ಮಂಜು ಇರ್ತದ, ಹಸಿರು ಇರ್ತದ, ಕೆರಿ ಇರ್ತದ. ನಮ್ಮಲ್ಲಿ ಈಗ ಏಪ್ರಿಲ್ ಕೊನಿ, ಒಂದು ಗಂಟೆಕ್ಕ ಹೊರಗ ಕಾಲಿಟ್ರ ಡಾಂಬರು ಮೆತ್ತಗಾಗಿರ್ತದ. ಹತ್ತಿ ಸೀಜನ್ನೂ ಮುಗಿದು ಹೋಗ್ಯಾದ, ಹತ್ತಿ ಅಂಡಿಗಿ (ದೊಡ್ಡ ಮೂಟಿ) ಹೇರಿದ ಗಾಡಿ ಬರ್ತಿದ್ವು ಅಂದ್ರ ಬೆಳ್ಳಗ ಏನರ ಕಾಣ್ತಿತ್ತು, ಈಗ ಅದೂ ಇಲ್ಲ. ತಗದ ಫೋಟೋ ಎಲ್ಲಾ ಒಂದ್ಕಡಿ ಪೂರ್ತಿ ಬೆಳ್ಳಗ, ಇನ್ನೊಂದ್ಕಡಿ ಪೂರ್ತಿ ಕರ್ರಗ ಬರ್ತಾವ.

ಬಿಡೋ ಮನಸ್ಸಿಲ್ರಿ. ಮಧ್ಯಾಹ್ನ ಬಿಟ್ರ ಬ್ಯಾರೆ ಹೊತ್ತು ನನ್ನ ಕೈಯಾಗಿಲ್ಲ, ಇದೇ ಹೊತ್ತಿನ್ಯಾಗ ಇದೇ ಊರಾಗ ಏನು ನೋಡಬೇಕು, ಹೆಂಗ ನೋಡಬೇಕು ಹೇಳ್ರಿ.

ಕೌಲ್‌ಬಜಾರ್ ಸ್ಟುಡಿಯೊ, ಬಳ್ಳಾರಿ

ತಂಗಿ, ಮೊದಲು ಒಂದು ಮಾತು ಹೇಳ್ತೀನಿ, ಆ ವಿಡಿಯೋ ಮಾಡೋರು ನಮ್ಮ ಕಡೆ ಬದುಕಿದೋರಲ್ಲ. ಬಳ್ಳಾರಿ ರಾಯಚೂರಲ್ಲಿ ಗೋಲ್ಡನ್ ಅವರ್, ಅಂದ್ರೆ ಸೂರ್ಯ ಹುಟ್ಟೋ ಮುಳುಗೋ ಹೊತ್ತಿನ ಬೆಳಕು, ಅದಷ್ಟೇ ನಂಬ್ಕೊಂಡ್ರೆ ದಿನದಲ್ಲಿ ಉಳಿದ ಹತ್ತು ತಾಸು ಕಣ್ಣು ಮುಚ್ಕೊಂಡು ಕೂತ್ಕೋಬೇಕಾಗ್ತೈತೆ. ನಾನು ಫಿಲ್ಮ್ ರೋಲ್ ಕಾಲದಿಂದ ಸ್ಟುಡಿಯೊ ನಡೆಸ್ತಿದೀನಿ. ರೋಲ್ ಕಾಲದಲ್ಲಿ ಬೆಳಕು ಅಳೆಯೋ ಮೀಟರ್ ಇಲ್ಲದೋರಿಗೆ ಒಂದು ಲೆಕ್ಕ ಇತ್ತು, ನಿಚ್ಚಳ ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್ 16 ಇಟ್ಟು ಫಿಲ್ಮ್ ನಂಬರ್ 100 ಇದ್ರೆ ಶಟರ್ 1/100 ಸೆಕೆಂಡಿನ ಹತ್ತಿರ ಇಡು, 400 ಇದ್ರೆ 1/400ರ ಹತ್ತಿರ ಇಡು ಅಂತ. ಅಂದ್ರೆ ನೆತ್ತಿ ಬಿಸಿಲು ಅನ್ನೋದು ಎಲ್ಲಕ್ಕಿಂತ ನಂಬಿಗಸ್ತ ಬೆಳಕು, ಇವತ್ತು ಹೆಂಗೋ ನಾಳೆನೂ ಹಂಗೇ. ದಿನಾ ಪ್ರಾಕ್ಟೀಸ್ ಮಾಡೋರಿಗೆ ಅದಕ್ಕಿಂತ ಒಳ್ಳೇ ಮೇಷ್ಟ್ರು ಸಿಗಲ್ಲ.

ನಿಮ್ಮ ಫೋಟೋ ಯಾಕೆ ಬಿಳಿ ಕರಿ ಆಗ್ತೈತೆ ಅಂದ್ರೆ ಫೋನು ನೆರಳನ್ನ ಬೆಳಗಿಸೋಕೆ ಹೋಗಿ ಬಿಸಿಲನ್ನ ಸುಟ್ಟು ಹಾಕ್ತೈತೆ. ಬಿಸಿಲು ಬಿದ್ದಿರೋ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡೀರಿ, ಲಾಕ್ ಆಗ್ತೈತೆ. ಆಮೇಲೆ ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರ್ತೈತಲ್ಲ ಅದನ್ನ ಕೆಳಕ್ಕೆ ಎಳೀರಿ, ಗೋಡೆ ಮೇಲಿನ ಸುಣ್ಣದ ಗೆರೆ ಕಾಣೋವರೆಗೂ ಎಳೀರಿ. ಕೆಲವು ಫೋನಲ್ಲಿ ಬಿಸಿಲು ನೆರಳು ಎರಡನ್ನೂ ಸರಿದೂಗಿಸೋ ಎಚ್‌ಡಿಆರ್ ಅಂತ ಇರ್ತೈತೆ, ಆಫ್ ಮಾಡೋಕೆ ಬಂದ್ರೆ ಆಫ್ ಮಾಡ್ರಿ. ನೆರಳು ಕರ್ರಗಾಗ್ಲಿ ಬಿಡ್ರಿ! ಕರ್ರಗಾದ್ರೇನೇ ಅದಕ್ಕೊಂದು ಆಕಾರ ಬರೋದು. ಕಟಕಟೆ ನೆರಳು, ಸೈಕಲ್ ಚಕ್ರದ ನೆರಳು, ಅಂಗಡಿ ಬೋರ್ಡಿನ ಅಕ್ಷರ ಗೋಡೆ ಮೇಲೆ ಓರೆಯಾಗಿ ಬಿದ್ದಿರೋದು, ಇವೆಲ್ಲ ಮಧ್ಯಾಹ್ನದ ಸೊತ್ತು.

ಇನ್ನೊಂದು ಗುಟ್ಟು. ಬೆಳಕು ಯಾವುದಾದ್ರೂ ಮೈಗೆ ಉಜ್ಜಿಕೊಂಡು ಹೋದ್ರೆ ಅದರ ತರಿ ಎದ್ದು ಕಾಣ್ತೈತೆ. ಮುಂಜಾನೆ ಬೆಳಕು ನೆಲಕ್ಕೆ ಉಜ್ಜಿಕೊಂಡು ಬರ್ತೈತೆ, ಅದಕ್ಕೆ ಹೊಲ ಚಂದ ಕಾಣ್ತೈತೆ. ನೆತ್ತಿ ಬೆಳಕು ಗೋಡೆಗೆ ಉಜ್ಜಿಕೊಂಡು ಬೀಳ್ತೈತೆ. ಇಟಗಿ ಮಹಾದೇವ ಗುಡಿ ನೋಡಿದೀರಲ್ಲ, 1112ರಲ್ಲಿ ಕಟ್ಟಿದ್ದು, ಆ ಗೋಡೆ ಕೆತ್ತನೆಗೆ ಎದುರಿಂದ ಬಿಸಿಲು ಬಿದ್ರೆ ಚಪ್ಪಟೆ, ಮೇಲಿಂದ ಜಾರಿ ಬಿದ್ರೆ ಒಂದೊಂದು ಎಲೆ ಬಳ್ಳಿನೂ ಎದ್ದು ನಿಲ್ತೈತೆ. ನಿಮ್ಮ ಗಂಜಲ್ಲಿ ಗುಡಿ ಕೆತ್ತನೆ ಇಲ್ದೇ ಇರಬಹುದು, ಕಿತ್ತ ಪ್ಲಾಸ್ಟರ್ ಇರ್ತೈತೆ, ತಗಡಿನ ಶಟರ್ ಇರ್ತೈತೆ, ಹಳೇ ಕದದ ಮೊಳೆ ಇರ್ತೈತೆ. ಒಂದು ಗಂಟೆಗೆ ಪಡುವಣಕ್ಕೆ ಮುಖ ಮಾಡಿದ ಗೋಡೆ ಹುಡುಕಿ ನಿಲ್ಲ್ರಿ, ನಾ ಹೇಳಿದ್ದು ಗೊತ್ತಾಗ್ತೈತೆ.

ಲೆನ್ಸ್ ಸೆರಗಲ್ಲಿ ಒರೆಸಿಕೊಳ್ರಿ ಮರೀದೆ, ಗಂಜಿನ ಧೂಳು ಅದು. ಫೋನ್ ಬಿಸಿಲಲ್ಲಿ ಹಿಡ್ಕೊಂಡೇ ನಿಲ್ಲಬ್ಯಾಡ್ರಿ. ಐಫೋನ್ ಮಾಡೋರೇ 0ರಿಂದ 35 ಡಿಗ್ರಿ ಒಳಗೆ ವಾಪರ್ಸಿ ಅಂತಾರೆ, ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟೋದು ಮಾಮೂಲು. ನೆರಳಲ್ಲಿ ನಿಂತು ಬಿಸಿಲಿನ ಫೋಟೋ ತೆಗೀರಿ, ಸ್ಕ್ರೀನೂ ಕಾಣ್ತೈತೆ, ತಲೆನೂ ಉಳೀತೈತೆ.

ಬೇವಿನ ಗಿಡದ ಮಾಸ್ತರು, ರಾಯಚೂರು

ಸ್ಟುಡಿಯೊದವ್ರು ಹೇಳಿದ್ದು ಸರಿ ಅದ. ನಾ ಸಾಲ್ಯಾಗ ವಿಜ್ಞಾನ ಕಲಿಸಿದಾಂವ, ಈಗ ರಿಟೈರ್ಡ್. ತಂಗೆವ್ವ, ನಿನಗ ಮಧ್ಯಾಹ್ನ ಸಿಕ್ಕಿದ್ದು ಪುಣ್ಯ ಅಂತ ತಿಳ್ಕೋ, ಯಾಕಂದ್ರ ಸೂರ್ಯ ಏನು ಮಾಡ್ತಾನ ಅನ್ನೋದು ಆ ಹೊತ್ತಿನ್ಯಾಗ ಕಾಣ್ದಂಗ ಬ್ಯಾರೆ ಯಾವ ಹೊತ್ತಿನ್ಯಾಗೂ ಕಾಣಂಗಿಲ್ಲ.

ಗಡಿಯಾರದಾಗ 12 ಹೊಡದಾಗ ನಮ್ಮೂರಾಗ ಸೂರ್ಯ ನೆತ್ತಿಗೆ ಬಂದಿರಂಗಿಲ್ಲ. ನಮ್ಮ ದೇಶದ ಟೈಮು 82.5 ಡಿಗ್ರಿ ರೇಖಾಂಶದ್ದು, ರಾಯಚೂರು ಇರೋದು 77.3ರ ಹತ್ರ. ಒಂದು ಡಿಗ್ರಿಗೆ 4 ನಿಮಿಷ ಲೆಕ್ಕ ಹಾಕಿದ್ರ ಸುಮಾರು 20 ನಿಮಿಷ ತಡ. ಅದ್ರ ಮ್ಯಾಲೆ ವರ್ಷದಾಗ ಹಿಂದ ಮುಂದ ಆಗ್ತದ, ನವೆಂಬರ್ ಸುರುವಿಗೆ 12 ದಾಟಿ ನಾಕೈದು ನಿಮಿಷಕ್ಕ ನೆತ್ತಿಗೆ ಬರ್ತಾನ, ಫೆಬ್ರವರಿಯಾಗ 12:35ರ ತನಕ ಎಳೀತಾನ. ಈಗ ಮೇ ಹತ್ರ ಬಂತು, 12:17ರ ಆಸುಪಾಸು. ನೀ 1ಕ್ಕ ಹೊರಗ ಬಂದಾಗ ನೆತ್ತಿ ದಾಟಿ ಮುಕ್ಕಾಲು ತಾಸೂ ಆಗಿರಂಗಿಲ್ಲ, ಐದು ಫೂಟಿನ ಮನಷ್ಯಾನ ನೆರಳು ಒಂದು ಫೂಟೂ ಇರಂಗಿಲ್ಲ. ಅದೇ ಡಿಸೆಂಬರ್‌ನ್ಯಾಗ ಸೂರ್ಯ ನೆತ್ತಿಗೆ ಬಂದಾಗಲೂ ನಾಕು ಫೂಟ್ ನೆರಳು ಇರ್ತದ. ಒಂದೇ ಕಂಬ, ಒಂದೇ ಟೈಮು, ತಿಂಗಳಿಗೊಮ್ಮೆ ತಗದು ಇಟ್ಕೋ, ವರ್ಷ ತುಂಬಿದ ಮ್ಯಾಲೆ ಸಾಲಾಗಿ ಇಟ್ಟು ನೋಡು.

ಇನ್ನೂ ಒಂದು ಭಾಳ ಮಂದಿಗೆ ಲಕ್ಷ್ಯ ಇರಂಗಿಲ್ಲ. ಮೇ ಮೊದಲ ವಾರದಾಗ ಒಂದು ದಿವ್ಸ ನಮ್ಮೂರಾಗ ಸೂರ್ಯ ಸರಿಯಾಗಿ ತಲಿ ಮ್ಯಾಲೆ ಬರ್ತಾನ, 5ನೇ ತಾರೀಖಿನ ಹಿಂದು ಮುಂದ. ನೆಟ್ಟಗ ನಿಂತ ಕಂಬದ ನೆರಳು ಅದ್ರ ಬುಡದಾಗ ಸೇರಿಬಿಡ್ತದ. ಶೂನ್ಯ ನೆರಳಿನ ದಿನ ಅಂತಾರ. ಅದಾದ ಮ್ಯಾಲೆ ಆಗಸ್ಟ್ 8ರ ಆಸುಪಾಸಿನ ತನಕ ಮಟಮಟ ಮಧ್ಯಾಹ್ನ ಸೂರ್ಯ ನಮಗ ಉತ್ತರಕ್ಕ ಇರ್ತಾನ, ನೆರಳು ದಕ್ಷಿಣಕ್ಕ ಬೀಳ್ತದ. ವರ್ಷದಾಗ ಮೂರು ತಿಂಗಳು ಮಾತ್ರ ಉತ್ತರಕ್ಕ ಮುಖ ಮಾಡಿದ ಗೋಡಿಗೆ ಮಧ್ಯಾಹ್ನದ ಬಿಸಿಲು ಮುಟ್ತದ. ದೆಹಲಿಯವ್ರಿಗೆ ಈ ಭಾಗ್ಯ ಇಲ್ಲ, ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರಂಗಿಲ್ಲ.

ಬೇವಿನ ಗಿಡದ ಕೆಳಗ ನಿಂತು ನೆಲ ನೋಡು. ಎಲಿ ಸಂದಿ ಒಂದು ಮೂರು ಮೂಲಿ, ಒಂದು ಉದ್ದ, ಒಂದು ಸೊಟ್ಟ. ಖರೆ ನೆಲದ ಮ್ಯಾಲೆ ಬಿದ್ದ ಬೆಳಕಿನ ಚುಕ್ಕಿ ಎಲ್ಲಾ ಗುಂಡಗ! ಯಾಕಂದ್ರ ಅವು ಸಂದಿಯ ಆಕಾರ ಅಲ್ಲ, ಒಂದೊಂದೂ ಸೂರ್ಯನ ಚಿತ್ರ. ಸಣ್ಣ ಕಿಂಡಿ ಅಂದ್ರ ಲೆನ್ಸಿಲ್ಲದ ಕ್ಯಾಮೆರಾ. ಹತ್ತು ಫೂಟ್ ಎತ್ತರದ ಸಂದಿಯಿಂದ ಬಿದ್ದ ಚುಕ್ಕಿ ಹೆಚ್ಚುಕಮ್ಮಿ ಒಂದು ಇಂಚು ಅಗಲ ಇರ್ತದ, ಗಿಡ ಎತ್ತರ ಇದ್ದಂಗ ಚುಕ್ಕಿ ದೊಡ್ಡದಾಗ್ತದ, ಮಸುಕಾಗ್ತದ. 2019ರ ಡಿಸೆಂಬರ್ 26ಕ್ಕ ಗ್ರಹಣ ಆಯ್ತಲ್ಲ, ಅವತ್ತು ಮುಂಜಾನಿ ನಮ್ಮ ಗಿಡದ ಕೆಳಗಿನ ಚುಕ್ಕಿ ಎಲ್ಲಾ ಕುಡಗೋಲಿನಂಗ ಆಗಿದ್ವು. ಮಂದಿ ಕದ ಹಾಕ್ಕೊಂಡು ಒಳಗ ಕುಂತಿದ್ರು, ನಾ ಮೊಮ್ಮಕ್ಕಳನ್ನ ಕರಕೊಂಡು ಅಂಗಳದಾಗ ಇದ್ದೆ. ಎಂಥಾ ದೊಡ್ಡ ಸಂಗತಿ ನಮ್ಮ ಅಂಗಳದಾಗ ಬಂದು ಬೀಳ್ತದ ಅಂತ ಇವತ್ತಿಗೂ ಅನಸ್ತದ.

ಹಂಗ ರಜಾ ಇದ್ದ ದಿವ್ಸ ಬಸ್ ಸ್ಟ್ಯಾಂಡ್ ಕಡಿ ಬಂದ್ರ ಕೋಟಿ ಗೋಡ್ಯಾಗ ಆ ಉದ್ದನ್ನ ಕಲ್ಲು ನೋಡಿ ಬಾ, 41 ಫೂಟಿನ್ದು, 1294ರ ಕಾಕತೀಯರ ಕಾಲದ ಶಾಸನ ಅದ ಅದ್ರ ಮ್ಯಾಲೆ. ಬೆಳಕು ಗೋಡಿಗೆ ಉಜ್ಜಿಕೊಂಡು ಬೀಳೋ ಹೊತ್ತಿನ್ಯಾಗ ನೋಡು, ಅಕ್ಷರ ಎದ್ದು ಬರ್ತಾವ.

ದಿನಕ್ಕೊಂದು ಸಾಕು

ನಾನೂ ಇದೇ ಪ್ರಾಕ್ಟೀಸ್ ಮಾಡ್ತೀನಿ, ಸಿಂಧನೂರು. ಅಕ್ಕಾ ಒಂದು ಕೇಳ್ತೀನಿ, ದಿನಾ ಚಂದಂದೇ ಸಿಗಬೇಕು ಅಂತ ಯಾಕ? ನ್ಯೂಯಾರ್ಕ್‌ನ್ಯಾಗ ಜೇಮಿ ಲಿವಿಂಗ್‌ಸ್ಟನ್ ಅಂತ ಒಬ್ಬಾಂವ ಇದ್ದ, 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ (ತಗದ ಕೂಡ್ಲೆ ಕೈಗೆ ಬರೋ ಫೋಟೋ) ತಗೀಲಿಕ್ಕೆ ಸುರು ಮಾಡಿ 1997ರ ಅಕ್ಟೋಬರ್ 25ಕ್ಕ ತೀರಿಕೊಳ್ಳೋ ತನಕ ತಗದ. ಅದ್ರಾಗ ಊಟದ ತಾಟು, ಗೆಳ್ಯಾರು, ಕೋಣಿ, ಏನೂ ವಿಶೇಷ ಇಲ್ಲದ್ದು ಭಾಳ ಅದಾವ. ನಾ ಅವನ್ನೆಲ್ಲ ರಾತ್ರಿ ಕುಂತು ನೋಡ್ತಾ ಹೋದೆ, ಒಂದೊಂದಾಗಿ ನೋಡಿದ್ರ ಸಾದಾ, ಸಾಲಾಗಿ ನೋಡಿದ್ರ ಒಬ್ಬ ಮನಷ್ಯಾನ ಇಡೀ ಬದುಕು. ಕಣ್ಣಾಗ ನೀರು ಬಂತು ಖರೇನ. ಅದಕ್ಕ ಇವತ್ತಿಂದು ಚಂದ ಬರ್ಲಿಲ್ಲ ಅಂತ ಡಿಲೀಟ್ ಮಾಡಬ್ಯಾಡ್ರಿ, ತಾರೀಖು ಹಾಕಿ ಇಡ್ರಿ.

ಹಮಾಲರ ಮನಿ ಹುಡುಗ, ರಾಯಚೂರು

ಎಲ್ಲಾರೂ ಬಿಸಿಲು ಚಂದ ನೆರಳು ಚಂದ ಅಂತ ಬರದೀರಿ, ಓದಿದೆ. ನಮ್ಮಪ್ಪ ಅದೇ ಗಂಜ್‌ನ್ಯಾಗ ಹಮಾಲಿ ಮಾಡ್ಯಾನ, ಬೆನ್ನ ಮ್ಯಾಲೆ ಚೀಲ ಹೊತ್ತು. ಅಕ್ಕಾರ, ನಿಮ್ಮ ಬಗ್ಗಿ ನನಗ ಏನೂ ಸಿಟ್ಟಿಲ್ಲ, ನೀವು ಮನಸಿನಿಂದ ಕೇಳೀರಿ. ಆದ್ರ ಇಂಥಾ ಫೋಟೋ ಮಾಡೋರು ಒಂದು ಹಂತಕ್ಕ ಬಂದು ಏನು ಮಾಡ್ತಾರ ಅಂದ್ರ ಬೆವರು ಸುರಿಯೋ ಮುಖ, ಒಡದ ಅಂಗಾಲು, ತಲಿ ಮ್ಯಾಲೆ ಟವೆಲ್ ಸುತ್ತಿದ ಮುದುಕ, ಅದನ್ನ ಕಪ್ಪು ಬಿಳುಪು ಮಾಡಿ ಎಷ್ಟು ಚಂದ ಅಂತಾರ. ಬಿಸಿಲಾಗ ದುಡಿಯೋ ಮನಷ್ಯಾಗ ಬಿಸಿಲು ಚಂದ ಅಲ್ರಿ. ನಮ್ಮಪ್ಪಗ ಒಮ್ಮೆ ಬಿಸಿಲು ಬಡಿದು ಮೂರು ದಿನ ಮಲಗಿದ್ದ, ಅವತ್ತು ಕೂಲಿ ಇಲ್ಲ, ಔಷಧಿ ಖರ್ಚು ಬ್ಯಾರೆ.

ತಗೀಬ್ಯಾಡ್ರಿ ಅಂತ ಹೇಳ್ತಿಲ್ಲ. ಮಲಗಿದಾಗ ತಗೀಬ್ಯಾಡ್ರಿ. ಕೇಳಿ ತಗೀರಿ, ತಗದ ಮ್ಯಾಲೆ ಒಂದು ಪ್ರಿಂಟ್ ಹಾಕಿಸಿ ಕೊಡ್ರಿ, ನಮ್ಮ ಮನ್ಯಾಗ ಅಪ್ಪಂದು ಒಂದು ಛಲೋ ಫೋಟೋ ಇಲ್ಲ, ಆಧಾರ್ ಕಾರ್ಡಿಂದು ಬಿಟ್ರ. ಇನ್ನ ನೆರಳಿಂದು ತಗಿಯೋದಾದ್ರ ನೆರಳು ಯಾರು ಹೆಂಗ ಮಾಡ್ಕೊಂಡಾರ ಅದನ್ನ ತಗೀರಿ. ಚೀಲ ಎರಡು ಸಾಲು ಒಟ್ಟಿ ನಡುವ ಗಾಳಿ ಆಡೋ ಸಂದಿ ಬಿಟ್ಟು ಕುಂದ್ರೋದು, ಗೋಣಿ ತಟ್ಟು ನೀರಾಗ ಅದ್ದಿ ಬಾಗಿಲಿಗೆ ಕಟ್ಟೋದು, ಬಂಡಿ ಕೆಳಗ ಹಾಸ್ಕೊಳ್ಳೋದು, ಇದೆಲ್ಲಾ ತಲಿ ಓಡಿಸಿ ಮಾಡಿದ ಕೆಲಸ. ಮತ್ತ ಎಲ್ಲಿ ನೆರಳಿಲ್ಲ ಅದನ್ನೂ ತಗೀರಿ. ಛಾವಣಿ ಇಲ್ಲದ ಬಸ್ ಸ್ಟಾಪಿನ್ಯಾಗ ಮಂದಿ ಲೈಟ್ ಕಂಬದ ಸಣ್ಣ ನೆರಳಾಗ ಒಬ್ಬರ ಹಿಂದ ಒಬ್ರು ಸಾಲಾಗಿ ನಿಂತಿರ್ತಾರ, ನೋಡೀರೇನು?

ಬೇವಿನ ಗಿಡದ ಮಾಸ್ತರು, ರಾಯಚೂರು

ತಮ್ಮಾ, ನಿನ್ನ ಮಾತು ತೂಕದ್ದು. ಲೈಟ್ ಕಂಬದ ಸಾಲು ನಾನೂ ನೋಡೀನಿ. ಇದನ್ನ ನಾ ಸಾಲ್ಯಾಗಿದ್ದಾಗ ಮಕ್ಕಳಿಗೆ ಹೇಳಬೇಕಿತ್ತು.

ಮಾಳಿಗಿ ಮನಿ, ಕೊಪ್ಪಳ

ನಾ ಮನ್ಯಾಗ ಇರೋಕಿ, ಹೊರಗ ಅಡ್ಡಾಡೋದು ಕಮ್ಮಿ. ನಮ್ದು ಹಳೇ ಮಾಳಿಗಿ ಮನಿ, ಮಣ್ಣಿನ ಮ್ಯಾಳಿಗಿ, ಅಡಗಿ ಮನ್ಯಾಗ ಒಂದು ಬೆಳಕಿಂಡಿ ಐತಿ. ಮಧ್ಯಾಹ್ನ ಅಷ್ಟೇ ಅದ್ರಾಗಿಂದ ಬಿಸಿಲು ಕೋಲು ಇಳೀತೈತಿ, ಮುಂಜಾನಿ ಸಂಜಿ ಅಲ್ಲಿ ಕತ್ತಲಿನ. ಒಲಿ ಹೊಗಿ ಇದ್ರಂತೂ ಆ ಕೋಲು ಕೈಲೆ ಹಿಡಿಬಹುದು ಅನ್ನೋಹಂಗ ಕಾಣ್ತೈತಿ. ನಾ ಆ ಬಿಸಿಲಿನ ತುಣುಕು ಎಲ್ಲಿ ಬಿದ್ದೈತಿ ಅಂತ ದಿನಾ ನೋಡ್ತೀನಿ. ಸಂಕ್ರಾಂತಿ ಟೈಮಿಗೆ ಉತ್ತರದ ಗ್ವಾಡಿ ಮ್ಯಾಗ ಇರ್ತೈತಿ, ಸಜ್ಜಿ ಡಬ್ಬಿ ಇಡೋ ಗೂಡಿನ ಹತ್ರ, ಈಗ ನೆಲಕ್ಕ ಇಳದೈತಿ, ಕಾರಹುಣ್ಣಿಮಿ ಬರೋಷ್ಟ್ರಾಗ ಕಿಂಡಿ ದಾಟಿ ಈ ಕಡಿ ಬರ್ತೈತಿ. ಯಾಕ ಹಿಂಗ ಅಂತ ನನಗ ಗೊತ್ತಿರಲಿಲ್ಲ, ಮಾಸ್ತರು ಬರದಿದ್ದು ಓದಿದ ಮ್ಯಾಗ ತಿಳೀತು. ಭಾಳ ಖುಷಿ ಆತ್ರಿ ಸರ.

ಫೋಟೋ ಏನು ತಗೀತೀನಿ ಅಂದ್ರ, ಆ ತುಣುಕಿನ್ಯಾಗ ಏನರ ಒಂದು ಇಡೋದು. ಒಂದು ದಿನ ಉಳ್ಳಾಗಡ್ಡಿ. ಒಂದು ದಿನ ನಮ್ಮತ್ತಿ ಎಲಿ ಅಡಿಕಿ ಚೀಲ. ಹಿತ್ತಾಳಿ ಚರಿಗಿ ಇಟ್ರ ಇಡೀ ಅಡಗಿ ಮನಿ ಬಂಗಾರದ ಬಣ್ಣ ಆಗ್ತೈತಿ, ಮ್ಯಾಳಿಗಿ ತೊಲಿಗೂ ಬೆಳಕು ಹೋಗಿ ಹೊಡೀತೈತಿ. ಉಳ್ಳಾಗಡ್ಡಿ ಸಿಪ್ಪಿ ಬೆಳಕಿಗೆ ಹಿಡಿದು ನೋಡ್ರಿ, ಅದ್ರಾಗ ಗೆರಿ ಗೆರಿ ಇರ್ತಾವ, ಇಳಕಲ್ ಸೀರಿ ಬಣ್ಣ. ನಮ್ಮ ಮನ್ಯಾಗ ಮೊದ್ಲು ಇಕಿಗೇನಾಗೈತಿ ಅಂತಿದ್ರು. ಈಗ ನಮ್ಮತ್ತಿಯವರ "ಬಿಸ್ಲು ಬಂತು ನೋಡ, ಫೋನ್ ತಗೊಂಬಾ" ಅಂತ ಕರೀತಾರ.

ಅಕ್ಕಾರ ನಿಮ್ಮ ಅಂಗಡ್ಯಾಗೂ ತಗಡಿನ ಶೆಡ್ ಇರ್ತೈತಲ್ಲ, ಮೊಳಿ ತೂತು ಇದ್ದ ಇರ್ತಾವ. ನೋಡ್ರಿ ಒಂದ್ಸಲ.

ಸಂದೂರು ಘಾಟು

ನನ್ನದು ಬ್ಯಾರೆ ಅಭಿಪ್ರಾಯ. ಮಧ್ಯಾಹ್ನ ಬಿಸಿಲಲ್ಲಿ ಬಣ್ಣ ಸಾಯ್ತಾವೆ, ಅದನ್ನ ಒಪ್ಕೋಬೇಕು. ನಮ್ಮ ಕಡೆ ಕೆಂಪು ಅದಿರು ಧೂಳಿನ ರೋಡು ಮುಂಜಾನೆ ಎಷ್ಟು ಕೆಂಪಗಿರ್ತೈತೆ, ಮಧ್ಯಾಹ್ನ ಅದೇ ರೋಡು ಬೂದಿ ಬಣ್ಣ. ಗುಡ್ಡದ ಹಸಿರೂ ಅಷ್ಟೇ. ವಾರಕ್ಕೊಂದು ದಿನ, ಭಾನುವಾರ ಆದ್ರೂ ಮುಂಜಾನೆ ಆರಕ್ಕೆ ಎದ್ದು ಹೋಗ್ರಿ ಮೇಡಂ, ಕಣ್ಣಿಗೆ ಬ್ಯಾರೆ ರುಚಿನೂ ಬೇಕು.

ಕೌಲ್‌ಬಜಾರ್ ಸ್ಟುಡಿಯೊ, ಬಳ್ಳಾರಿ

ಸಂದೂರಿನೋರೇ, ನೇರ ಬಿಸಿಲಲ್ಲಿ ಬಣ್ಣ ತೇಲಿ ಹೋಗ್ತೈತೆ, ನಿಜ. ಅದೇ ಬಣ್ಣ ನೆರಳೊಳಗೆ ಇಟ್ಟು ನೋಡ್ರಿ. ಎದುರಿನ ಗೋಡೆಗೆ ಬಿಸಿಲು ಬಿದ್ದು ವಾಪಸ್ ಬರೋ ಬೆಳಕು ಐತಲ್ಲ, ಅದಕ್ಕಿಂತ ಒಳ್ಳೇ ಸ್ಟುಡಿಯೊ ಲೈಟ್ ನಾನು ದುಡ್ಡು ಕೊಟ್ಟು ತಂದಿಲ್ಲ. ಎದುರಿಗೆ ಹಳದಿ ಗೋಡೆ ಇದ್ರೆ ನೆರಳಲ್ಲಿ ಕೂತೋರ ಕೆನ್ನೆಗೂ ಹಳದಿ ಬರ್ತೈತೆ, ನೀಲಿ ಶಟರ್ ಇದ್ರೆ ನೀಲಿ. ಮೆಣಸಿನಕಾಯಿ ಮಾರೋರು ತಾಡಪಾಲು ಕೆಳಗೆ ರಾಶಿ ಹಾಕ್ಕೊಂಡಿರ್ತಾರೆ ನೋಡ್ರಿ, ಕೆಂಪು ತಾಡಪಾಲಾದ್ರೆ ಇಡೀ ಅಂಗಡಿ ಕೆಂಪು, ಮನುಷ್ಯರೂ ಕೆಂಪು.

ಹಮಾಲರ ಮನಿ ತಮ್ಮ ಹೇಳಿದ ಪ್ರಿಂಟ್ ವಿಷಯ ನನಗೆ ಮನಸ್ಸಿಗೆ ನಾಟ್ತು. ಕೂತೋರ ಮುಖ ಒಳಗೆ ತೆಗೀಬೇಕು ಅಂದ್ರೆ ತಾಡಪಾಲಿನ ಅಂಚಿಂದ ಒಂದೆರಡು ಹೆಜ್ಜೆ ಒಳಗೆ, ಬಿಸಿಲಿನ ಕಡೆ ಮುಖ ಮಾಡಿ ಕೂರಿಸ್ರಿ. ನೆಲದಿಂದ ಬೆಳಕು ಎದ್ದು ಕಣ್ಣಿಗೆ ಬರ್ತೈತೆ, ಹುಬ್ಬಿನ ಕೆಳಗೆ ಕರಿ ಗುಳಿ ಬೀಳಲ್ಲ. ಅಪ್ಪಾಜಿ ಫೋಟೋ ತೆಗೆದು ಫೈಲ್ ಕಳಿಸಪ್ಪ, ದೊಡ್ಡದಾಗಿ ಪ್ರಿಂಟ್ ಹಾಕಿ ಕೊಡ್ತೀನಿ, ದುಡ್ಡು ಬ್ಯಾಡ.

ಗಂಜ್ ಲೆಕ್ಕದಾಕಿ, ರಾಯಚೂರು

ಇಷ್ಟು ಮಂದಿ ಇಷ್ಟು ಮನಸು ಕೊಟ್ಟು ಬರೀತೀರಿ ಅಂತ ಅನ್ಕೊಂಡಿದ್ದಿಲ್ರಿ. ಎಲ್ಲಾರದ್ದೂ ಎರಡೆರಡು ಸಲ ಓದಿ, ಊಟದ ಡಬ್ಬಿ ಬೇಗ ಮುಗಿಸಿ ಹೊರಗ ಬಂದೆ.

ಹಮಾಲರ ಮನಿ ತಮ್ಮ, ನಿಮ್ಮ ಮಾತು ಓದಿದ ಮ್ಯಾಲೆ ನಾ ಫೋಟೋ ತಗೀದೆ ಸುಮ್ನ ನಿಂತು ನೋಡ್ದೆ, ಮಂದಿ ಎಲ್ಲೆಲ್ಲಿ ಕುಂತಾರ ಅಂತ. ಆಗ ಗೊತ್ತಾಗಿದ್ದು, ಇಡೀ ಗಂಜು ನೆರಳಿನ ಹಿಂದ ಸರೀತದ್ರಿ! ಚಾ ಬಂಡಿ ಮುಂಜಾನಿ ಮೂಡಲ ಕಡಿ ಅಂಗಡಿ ನೆರಳಾಗ ಇರ್ತದ, ಮಧ್ಯಾಹ್ನ ದಾಟಿದ ಮ್ಯಾಲೆ ಪಡುವಲ ಕಡಿಗೆ ದಾಟ್ತದ. ಅದ್ರ ಹಿಂದ ಚಪ್ಪಲ್ ಹೊಲಿಯೋ ಅಜ್ಜ, ಅದ್ರ ಹಿಂದ ಬೀದಿ ನಾಯಿ. ಹಮಾಲರು ಇಸ್ಪೀಟ್ ಎಲೆ ಆಡೋದು, ಬೀಡಿ ಸೇದೋದು, ಮಾತಾಡೋದು ಎಲ್ಲಾ ಅದೇ ಲೆಕ್ಕ, ತಾಸಿಗೆ ಎರಡು ಮೊಳ ಸರದು ಕುಂದ್ರತಾರ, ಮಾತು ನಿಲ್ಸಂಗಿಲ್ಲ. ಒಂದು ಗಂಟೆಕ್ಕ ರೋಡಿನ ಬದಿಗೆ ನೆರಳು ಗೇಣಗಲ ಇರ್ತದ, ಆಗ ಎಲ್ಲಾರೂ ಗ್ವಾಡಿಗೆ ಬೆನ್ನು ಹಚ್ಚಿ ಕಾಲು ಮಡಚ್ಕೊಂಡು ಸಾಲಾಗಿ. ಒಬ್ಬರ ಹೆಬ್ಬೆರಳೂ ಬಿಸಿಲಿಗೆ ಬಂದಿರಂಗಿಲ್ಲ. ನಾ ಈ ರೋಡಿನ್ಯಾಗ ಓಡಾಡ್ತಾ ಎಷ್ಟು ವರ್ಷ ಆತು, ಇದೊಂದು ನನ್ನ ಕಣ್ಣಿಗೆ ಬಿದ್ದಿದ್ದೇ ಇಲ್ಲ.

ಅವ್ರನ್ನ ಕೇಳೇ ತಗದೆ. ಮೊದ್ಲು "ಪೇಪರಿಗೇನವ್ವಾ" ಅಂದ್ರು. ಅಲ್ರಿ, ಕಾಲಿನ ಮುಂದಿನ ನೆರಳಿನ ಗೆರಿ ತಗೀತೀನಿ, ಕಾಲು ಅಷ್ಟೇ ಬರ್ತಾವ ಅಂದೆ. ಒಬ್ರು ಚಪ್ಪಲಿ ಸಾಲಾಗಿ ಜೋಡಿಸಿ ಇಟ್ಟು "ಈಗ ತಗೀರಿ" ಅಂದ್ರು. ಇನ್ನೊಬ್ರು ಹಿರೇರು, ಕಾಲು ಬ್ಯಾಡ ನನ್ನ ಮುಖ ತಗಿ, ಮಗಳ ಮನಿಗೆ ಕಳಸಬೇಕು ಅಂದ್ರು. ತಾಡಪಾಲಿನ ಒಳಗ ಕೂರಿಸಿ ಸ್ಟುಡಿಯೊ ಅಣ್ಣಾರು ಹೇಳಿದಂಗ ತಗದೆ, ಕಣ್ಣಾಗ ಬೆಳಕು ಬಂದದ್ರಿ, ಭಾಳ ಚಂದ ಬಂದದ. ಸ್ಟೇಷನ್ ರೋಡಿನ್ಯಾಗ ಪ್ರಿಂಟಿಗೆ ಕೊಟ್ಟೀನಿ, ಶನಿವಾರ ಸಿಗ್ತದ.

ಕೊಪ್ಪಳದ ಅಕ್ಕಾರ, ನಮ್ಮ ಗೋಡೌನ್ ತಗಡಿನ್ಯಾಗ ಮೊಳಿ ತೂತು ಅದಾವ! ಜ್ವಾಳದ ಚೀಲದ ಮ್ಯಾಲೆ ಗುಂಡನ ಚುಕ್ಕಿ, ಮಾಸ್ತರು ಹೇಳಿದಂಗ ಎಲ್ಲಾ ಸೂರ್ಯನ. ತೂಕ ಮಾಡೋ ಹುಡುಗಗ ತೋರ್ಸಿದೆ, ಅಂವ ಅಂಗೈ ಹಿಡಿದು ನಿಂತ, ಅಂಗೈ ಮ್ಯಾಲೆ ಒಂದು ಸೂರ್ಯ. ಆ ಚುಕ್ಕಿ ಒಂದೇ ಕಡಿ ನಿಲ್ಲಂಗಿಲ್ಲ, ನೋಡ್ತಾ ನೋಡ್ತಾ ಸರೀತದ, ಭೂಮಿ ತಿರಗೋದು ಕಣ್ಣಿಗೆ ಕಾಣ್ತದ. ಇವತ್ತಿನ ಫೋಟೋ ಅದೇ.

ಸಂದೂರು ಅಣ್ಣಾರ, ಭಾನುವಾರ ಮುಂಜಾನಿ ನನಗ ವಾರದ ಬಟ್ಟಿ ಒಗಿಯೋದು ಇರ್ತದ್ರಿ. ಮಾಳಿಗಿ ಮ್ಯಾಲೆ ಕೌದಿ ಒಣ ಹಾಕಿದಾಗ ನೋಡ್ತೀನಿ, ಎದುರಿಂದ ಬಿಸಿಲು ಬಂದ್ರ ಹೊಲಿಗಿ ಕಾಣ್ತದೇನೋ.

ಮಾಸ್ತರ್ರಿ, ಒಂದು ಕೇಳೋದದ. ಮೇ 5ರ ಆಸುಪಾಸು ಅಂದ್ರಿ. ಸಾವ್ಕಾರ್ರಿಗೆ ಹೇಳಿ ಅವತ್ತು ಊಟದ ಟೈಮು 12ಕ್ಕ ಮಾಡ್ಕೊಂತೀನಿ. ಏನು ಇಟ್ಟು ತಗೀಬೇಕು, ಎಷ್ಟೊತ್ತು ಸಿಗ್ತದ?

ಬೇವಿನ ಗಿಡದ ಮಾಸ್ತರು, ರಾಯಚೂರು

ತಂಗೆವ್ವ, ಕಂಬ ಗಿಂಬ ಬ್ಯಾಡ, ಅವು ನೆಟ್ಟಗ ನಿಂತಿರಂಗಿಲ್ಲ. ಸ್ಟೀಲ್ ಗ್ಲಾಸ್‌ನ್ಯಾಗ ಬಾಯಿ ಅಗಲ ಬುಡ ಸಣ್ಣ ಇರ್ತದ, ಅದೂ ಬ್ಯಾಡ, ಬಾಯಿದೇ ನೆರಳು ಬೀಳ್ತದ. ಮ್ಯಾಲಿಂದ ಕೆಳಗಿನ ತನಕ ಒಂದೇ ಅಗಲ ಇರೋ ಡಬ್ಬಿ ತಗೋ, ಬ್ಯಾಟರಿ ಸೆಲ್ಲಾದ್ರೂ ನಡೀತದ. ಸಪಾಟಾದ ಫರ್ಸಿ ಮ್ಯಾಲೆ ಇಡು, ನಾಕು ಹನಿ ನೀರು ಹಾಕಿ ನೋಡು, ನೀರು ಒಂದು ಕಡಿ ಹರಿದ್ರ ಫರ್ಸಿ ಓರೆ ಅದ ಅಂತ ತಿಳ್ಕೋ, ಬ್ಯಾರೆ ಜಾಗ ಹುಡುಕು. ಕೆಳಗ ಬಿಳಿ ಹಾಳಿ ಹಾಸು. 12:05ರಿಂದ 12:30ರ ತನಕ ಐದೈದು ನಿಮಿಷಕ್ಕೊಂದು ತಗಿ, 12:17ಕ್ಕ ನೆರಳು ಪಡುವಣದಿಂದ ಮೂಡಣಕ್ಕ ದಾಟೋದು ಕಾಣ್ತದ. ಫೋನು ನೇರ ಮ್ಯಾಲಿಂದ ಹಿಡಿದ್ರ ಫೋನಿಂದೇ ನೆರಳು ಡಬ್ಬಿ ಮ್ಯಾಲೆ ಬೀಳ್ತದ, ಸ್ವಲ್ಪ ಬಾಜುದಿಂದ ಹಿಡಿ. 4, 5, 6 ಮೂರೂ ದಿವ್ಸ ಮಾಡು, ದಿನಕ್ಕ ಕಾಲು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಸೂರ್ಯ ಉತ್ತರಕ್ಕ ಸರೀತಾನ ಅಷ್ಟೇ, ಹಿಂದಿನ ದಿವ್ಸ ಮುಂದಿನ ದಿವ್ಸ ಭಾಳ ಫರಕು ಬೀಳಂಗಿಲ್ಲ. ಮೋಡ ಬಂದ್ರ ಬ್ಯಾಸರ ಮಾಡ್ಕೋಬ್ಯಾಡ, ಆಗಸ್ಟ್‌ನ್ಯಾಗ ಇನ್ನೊಮ್ಮೆ ಅದ, ಆದ್ರ ಆಗ ಮಳಿಗಾಲ.

ತಲಿಗೆ ಸೆರಗು ಹೊದ್ಕೊಂಡು, ನೀರು ಕುಡದು ಹೊರಗ ಬಾ.

ಕೌಲ್‌ಬಜಾರ್ ಸ್ಟುಡಿಯೊ, ಬಳ್ಳಾರಿ

ಸರ್, ಹಂಗಾದ್ರೆ ಬಳ್ಳಾರಿ ನಿಮಗಿಂತ ದಕ್ಷಿಣಕ್ಕೆ ಐತಲ್ಲ, ನಮಗೆ ಮೊದಲೇ ಬರಬೇಕು ಅಲ್ವಾ?

ಬೇವಿನ ಗಿಡದ ಮಾಸ್ತರು, ರಾಯಚೂರು

ಹೌದ್ರಿ, ನಿಮಗ ಮೇ 1 ಇಲ್ಲಾ 2. ಕೊಪ್ಪಳಕ್ಕ ಅದ್ರ ಮರುದಿನದ ಸುಮಾರು. ಟೈಮು ನಿಮ್ದು 12:20 ಹಿಡೀರಿ. ಮೂರೂ ಊರಿಂದು ತಗದು ಇಲ್ಲೇ ಹಾಕಿದ್ರ ಸೂರ್ಯ ಬಳ್ಳಾರಿಯಿಂದ ರಾಯಚೂರಿಗೆ ನಡದು ಬಂದದ್ದು ಕಾಣ್ತದ.

ಮಾಳಿಗಿ ಮನಿ, ಕೊಪ್ಪಳ

ಕೊಪ್ಪಳದ್ದು ನಾ ತಗೀತೀನ್ರಿ. ಒಂದೇ ಅಗಲದ ಡಬ್ಬಿ ಅಂದ್ರ ನಮ್ಮಲ್ಲಿ ಜೀರ್ಗಿ ಡಬ್ಬಿ ಐತಿ, ನಡೀತೈತಲ್ಲ?